ಭಾವನ ಕಾರು ಕುಡಿದ ನೀರು

ನನ್ನ ಸ್ಕೂಟರ್ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅದನ್ನು ಒಂದು ಪಕ್ಕಕ್ಕೆ ಚೆನ್ನಾಗಿ ವಾಲಿಸಿ, ಒಂದು ಗಳಿಗೆ ಹಾಗೇ ಹಿಡಿದುಕೊಂಡು, ಮತ್ತೆ ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯುತ್ತೇನೆ. ಈಗಿನ ಸ್ಕೂಟರುಗಳಿಗೆ ಈ ಉಪಚಾರದಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತು. ಹಳೆಯ ಕಾಲದ ಸ್ಕೂಟರುಗಳು ಕಲಿಸಿದ ಅಭ್ಯಾಸ ಅದು. ಆದರೂ ವಾಲಿಸದೆ ಕಿಕ್ ಹೊಡೆದರೆ ಏನೋ ಶಾಸ್ತ್ರ ತಪ್ಪಿದಂತಾಗುತ್ತದೆ. ಚಾಮರಾಜಪುರಂನ ನಮ್ಮ ಬೀದಿಯಲ್ಲಿ ಎದುರು ಮನೆಯವರು ಕಾಫಿ ಲೋಟ ಹಿಡಿದುಕೊಂಡು ಈ ದೃಶ್ಯವನ್ನು ದಿನಾ ನೋಡುತ್ತಾರೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮನುಷ್ಯ ಸ್ಕೂಟರಿನ ಕೈಲಿ ನೆಲಕ್ಕೆ ನಮಸ್ಕಾರ ಮಾಡಿಸುತ್ತಿರುತ್ತಾನೆ.

ಇಷ್ಟನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಯಾಕೆಂದರೆ ಇನ್ನು ಮುಂದೆ ನಾನು ನನ್ನ ಭಾವನ ಕಾರಿನ ಬಗ್ಗೆ, ಅದರ ಬಾನೆಟ್ಟಿನೊಳಗೆ ಅವರು ಕೂರಿಸಿಕೊಂಡಿದ್ದ ಹೈಡ್ರೋಜನ್ ಪೆಟ್ಟಿಗೆಯ ಬಗ್ಗೆ ಬಹಳ ತಿಳಿದವನಂತೆ ಮಾತಾಡಲಿದ್ದೇನೆ. ಓದುವಾಗ ನಡುನಡುವೆ ನನ್ನ ಸ್ಕೂಟರನ್ನು ನೆನೆಸಿಕೊಂಡರೆ ನನ್ನ ಮಾತಿನ ತೂಕ ನಿಮಗೆ ಸರಿಯಾಗಿ ಸಿಗುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಅಲ್ಲೇ ಮನೆ ಕಟ್ಟಿಕೊಂಡು, ಮನೆ ಮುಂದೆ ಒಂದು ಸೀಬೆ ಗಿಡವನ್ನೂ ಅದರ ನೆರಳಿಗೆ ಒಂದು ಕಾರನ್ನೂ ಇಟ್ಟುಕೊಂಡಿದ್ದಾರೆ. ಮನುಷ್ಯ ತುಂಬಾ ಒಳ್ಳೆಯವರು. ನೆಂಟರಿಗೆ ಕಷ್ಟ ಎಂದು ತಿಳಿದರೆ ಊಟದ ಮಧ್ಯೆ ಎದ್ದು ಬರುವಂಥವರು. ಆದರೆ ಸ್ಟೀರಿಂಗ್ ಕೈಗೆ ಸಿಕ್ಕಿತೆಂದರೆ ಅವರೇ ಬೇರೆ. ತಮ್ಮ ಮುಂದೆ ಇನ್ನೊಂದು ಗಾಡಿ ಹೋಗುತ್ತಿದೆ ಎಂಬುದನ್ನು ಅವರು ಸ್ವಂತ ಅವಮಾನವೆಂದೇ ತಿಳಿಯುತ್ತಿದ್ದರು. ಲಾರಿಯಾಗಲಿ, ಟ್ರ್ಯಾಕ್ಟರಾಗಲಿ, ಅದನ್ನು ಹಿಂದೆ ಹಾಕುವವರೆಗೂ ಸಮಾಧಾನವಿಲ್ಲ. ಹಾಕಿದ ಮೇಲೆ ಅದರ ಮುಂದಿನದು ಕಣ್ಣಿಗೆ ಬೀಳುತ್ತಿತ್ತು. ಒಂದು ಸಲ ಬಿಳಿಕೆರೆ ಹತ್ತಿರದ ಮದುವೆಗೆಂದು ಹೊರಟು, ಹೀಗೆ ಒಂದೊಂದನ್ನೇ ಹಿಂದೆ ಹಾಕುವ ಭರದಲ್ಲಿ ಕಲ್ಯಾಣ ಮಂಟಪವನ್ನೂ ಹಿಂದೆ ಹಾಕಿ ಹುಣಸೂರು ಮುಟ್ಟಿದ್ದೆವು. ಹಿಂದಿನ ಸೀಟಿನಲ್ಲಿದ್ದ ನಾನು ಹೇಳಬಹುದಿತ್ತು. ಆದರೆ ಆಗ ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಅಕ್ಕ ಈ ಕಾರನ್ನು ಹತ್ತುವುದನ್ನೇ ಬಿಟ್ಟುಬಿಟ್ಟಿದ್ದಳು. ನೆಂಟರ ಮನೆಯ ಶುಭಕಾರ್ಯಗಳಿಗೆ ಭಾವ ಕಾರಿನಲ್ಲಿ, ಅಕ್ಕ ಬಸ್ಸಿನಲ್ಲಿ. ಇಬ್ಬರೂ ಬೇರೆಬೇರೆ ಹೊತ್ತಿಗೆ ಬಂದು ಇಳಿಯುವುದನ್ನು ಕಂಡು ನಮ್ಮ ಕಡೆಯ ಹೆಂಗಸರು ಇವರ ಸಂಸಾರದಲ್ಲಿ ಏನೋ ಎಡವಟ್ಟಾಗಿದೆ ಎಂದು ಪಿಸುಗುಟ್ಟಿದ್ದೂ ಉಂಟು. ಒಬ್ಬ ದೊಡ್ಡಮ್ಮನಂತೂ ಅಕ್ಕನನ್ನು ಅಡುಗೆಮನೆಯ ಮೂಲೆಗೆ ಕರೆದು ಸಮಾಧಾನ ಮಾಡಲು ನೋಡಿದ್ದರು. "ಏನೂ ಇಲ್ಲ ಕಣ್ ದೊಡ್ಡಮ್ಮ, ಅವ್ರ ಮೇಲೆ ನಂಗೆ ಪ್ರೀತಿನೇ. ಅವ್ರ ಕಾರಿನ ಮೇಲೆ ಇಲ್ಲ ಅಷ್ಟೆ" ಎಂದಿದ್ದಳು ಅಕ್ಕ.

ಇಂಥ ಭಾವನ ಬದುಕಿನಲ್ಲಿ ಹೈಡ್ರೋಜನ್ ಪ್ರವೇಶವಾದದ್ದು ಹೋದ ವರ್ಷ ನಾವಿಬ್ಬರೂ ದಸರಾ ಎಕ್ಸಿಬಿಷನ್ನಿಗೆ ಹೋಗಿದ್ದಾಗ. ಮೈಸೂರಿನವರಿಗೆ ಎಕ್ಸಿಬಿಷನ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ನಾವು ಮುಖದಷ್ಟು ದೊಡ್ಡ ಹಪ್ಪಳ ತಿನ್ನುತ್ತಾ ಅಡ್ಡಾಡುತ್ತೇವೆ. ಯಾವನೋ ಒಬ್ಬ ಕತ್ತಿಗೆ ಮೈಕು ಸಿಕ್ಕಿಸಿಕೊಂಡು ಒಂದು ತುಂಡು ಪ್ಲಾಸ್ಟಿಕ್ಕಿನಿಂದ ಸೌತೆಕಾಯಿಯನ್ನು ಗುಲಾಬಿ ಮಾಡಿ ತೋರಿಸುತ್ತಾನೆ. ನಾವು ಅದನ್ನು ಮನೆಗೆ ತಂದು ಬೆರಳು ಕುಯ್ದುಕೊಳ್ಳುತ್ತೇವೆ. ಆ ಪ್ಲಾಸ್ಟಿಕ್ಕು ನನ್ನ ಮನೆಯಲ್ಲೂ ಒಂದಿದೆ. ಅವನ ಕೈಯಲ್ಲಿ ಅದು ನಿಜವಾಗಿ ಗುಲಾಬಿ ಮಾಡುತ್ತಿತ್ತು ಎಂಬುದಕ್ಕೆ ನಾನೇ ಸಾಕ್ಷಿ.

ಹೈಡ್ರೋಜನ್ ಮಾರುವವನ ಮುಂದೆ ಸೌತೆಕಾಯಿ ಇರಲಿಲ್ಲ, ಒಂದು ಗಾಜಿನ ಜಾಡಿ ಇತ್ತು. ಜಾಡಿಯಲ್ಲಿ ನೀರು, ನೀರಿನಲ್ಲಿ ಎರಡು ತಗಡು, ತಗಡಿಗೆ ಕಾರಿನ ಬ್ಯಾಟರಿಯಿಂದ ವೈರು. ಸ್ವಿಚ್ಚು ಹಾಕಿದೊಡನೆ ತಗಡುಗಳಿಂದ ಸಣ್ಣಸಣ್ಣ ಗುಳ್ಳೆಗಳು ಸರಸರನೆ ಮೇಲೇಳುತ್ತಿದ್ದವು. ಅವನು ಆ ಗುಳ್ಳೆಗಳನ್ನು ಸೋಪಿನ ನೊರೆಯಲ್ಲಿ ಹಿಡಿದು ಕಡ್ಡಿ ಗೀರಿದರೆ ಟಪ್ಪೆಂದು ಸಿಡಿಯುತ್ತಿತ್ತು. ಇದೇ ಗ್ಯಾಸನ್ನು ಎಂಜಿನ್ನಿಗೆ ಬಿಟ್ಟರೆ ಅರ್ಧ ಪೆಟ್ರೋಲು ಉಳಿಯುತ್ತದೆ ಎಂದು ಅವನ ವಾದ. ಇದೇ ಪ್ರಯೋಗವನ್ನು ನಾನು ನನ್ನ ಕಾಲೇಜಿನ ಮಕ್ಕಳಿಗೆ ಎಷ್ಟೋ ಸಲ ತೋರಿಸಿದ್ದೇನೆ. ಅವರಲ್ಲಿ ಒಬ್ಬನ ಕಣ್ಣೂ ಆವತ್ತು ಭಾವನ ಕಣ್ಣು ಅರಳಿದಂತೆ ಅರಳಿದ್ದನ್ನು ನಾನು ಕಾಣೆ. ನನ್ನಲ್ಲಿ ಕೊರತೆ ಏನಿತ್ತೆಂದು ಈಗ ಹೊಳೆಯುತ್ತದೆ. ನಾನು ಕೊನೆಯಲ್ಲಿ ಪರೀಕ್ಷೆ ಇದೆ ಎನ್ನುತ್ತಿದ್ದೆ. ಅವನು ಪೆಟ್ರೋಲು ಉಳಿಯುತ್ತದೆ ಎಂದ.

ಭಾವ ಇನ್ನೊಂದು ದಿನ ಒಬ್ಬರೇ ಹೋಗಿ ಪೆಟ್ಟಿಗೆಯನ್ನು ಕೊಂಡು, ಹಾಕಿಸಿ, ಆಮೇಲೆ ನನ್ನನ್ನು ಕರೆದು ತೋರಿಸಿದರು. ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಮೇಷ್ಟ್ರ ನಾಲಿಗೆ ನಿವೃತ್ತಿಯಾಗುವುದಿಲ್ಲ. ಸೀಬೆ ಗಿಡದ ಕೆಳಗೆ ನಿಂತೇ ಪಾಠ ಶುರು ಮಾಡಿದೆ.

ಭಾವ, ನಿಮ್ಮ ಮನೆಯ ಸಂಪಿನಿಂದ ಮೋಟರ್ ಹಾಕಿ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತೀರಲ್ಲ. ಆ ಟ್ಯಾಂಕಿನ ನೀರನ್ನು ಕೆಳಕ್ಕೆ ಬಿಟ್ಟು, ಬೀಳುವ ನೀರಿನಿಂದ ಚಕ್ರ ತಿರುಗಿಸಿ, ಚಕ್ರದಿಂದ ಕರೆಂಟು ಮಾಡಿ, ಅದೇ ಕರೆಂಟಿನಿಂದ ಮೋಟರ್ ಓಡಿಸುತ್ತೇನೆ, ಮಿಕ್ಕ ಕರೆಂಟನ್ನು ಪಕ್ಕದ ಮನೆಯವರಿಗೆ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬುತ್ತೀರಾ? ಇದೂ ಅದೇ. ನೀರನ್ನು ಒಡೆಯಲು ಕರೆಂಟು ಬೇಕು. ಕರೆಂಟು ಬ್ಯಾಟರಿಯಿಂದ ಬರುತ್ತದೆ, ಬ್ಯಾಟರಿಗೆ ಎಂಜಿನ್ನಿನಿಂದ, ಎಂಜಿನ್ನಿಗೆ ಪೆಟ್ರೋಲಿನಿಂದ. ಒಡೆದ ನೀರು ಮತ್ತೆ ಉರಿದು ನೀರೇ ಆಗುವಾಗ, ಒಡೆಯಲು ಕೊಟ್ಟದ್ದಕ್ಕಿಂತ ಹೆಚ್ಚು ಕೊಡುವುದಿಲ್ಲ. ದಾರಿಯಲ್ಲಿ ಬಿಸಿಯಾಗಿ ಸೋರಿಹೋದದ್ದು ಹೋದದ್ದೇ. ನಿಮ್ಮ ಪೆಟ್ಟಿಗೆ ಪೆಟ್ರೋಲು ಉಳಿಸುವುದಿಲ್ಲ, ತಾನೂ ಒಂದಿಷ್ಟು ಕುಡಿಯುತ್ತದೆ.

ಭಾವ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೀನು ಹೇಳೋದೆಲ್ಲ ಸರೀನೇ ಅದೆ ಕಣಯ್ಯ. ಆದ್ರೆ ಆ ಪುಸ್ತಕ ಬರೆದೋನು ಹೂಟಗಳ್ಳಿಯಿಂದ ಅಗ್ರಹಾರದ ತಂಕ ಕಾರ್ ಓಡ್ಸಿ ನೋಡಿದ್ನಾ?" ಎಂದು ಕೇಳಿದರು. ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಮುಂದೆ ಬಿತ್ತು. ಭಾವನ ಕಾರು ನಿಜವಾಗಿಯೂ ಹೆಚ್ಚು ಮೈಲೇಜ್ ಕೊಡತೊಡಗಿತು. ಭಾವ ಸುಳ್ಳು ಹೇಳುವವರಲ್ಲ. ಫೋನ್ ಮಾಡಿ, "ಎಂಗೆ ಮೇಷ್ಟ್ರೇ?" ಎಂದು ಮಾತ್ರ ಕೇಳಿ ಇಟ್ಟುಬಿಡುತ್ತಿದ್ದರು. ಕೆಲವು ದಿನ ನನಗೆ ಊಟ ಸೇರಲಿಲ್ಲ. ಜಗತ್ತಿನ ಒಂದು ದೊಡ್ಡ ನಿಯಮ ಹೂಟಗಳ್ಳಿಯಲ್ಲಿ ಸೋತಿತೇ ಎಂಬ ಚಿಂತೆ ಹತ್ತಿತು.

ಒಂದು ದಿನ ಅವರ ಪಕ್ಕದಲ್ಲಿ ಕೂತು ರಿಂಗ್ ರೋಡಿನಲ್ಲಿ ಹೋದಾಗ ಗುಟ್ಟು ಬಯಲಾಯಿತು. ಪೆಟ್ಟಿಗೆ ಮಾರಿದವನು ಒಂದು ಷರತ್ತು ಹಾಕಿದ್ದನಂತೆ. ಗಾಡಿಯನ್ನು ಒಂದೇ ಹದದಲ್ಲಿ ಓಡಿಸಬೇಕು, ಆಕ್ಸಿಲರೇಟರನ್ನು ಒಮ್ಮೆಗೇ ತುಳಿಯಬಾರದು, ತುಳಿದರೆ ಗ್ಯಾಸು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಭಾವ ಅದನ್ನು ವ್ರತದಂತೆ ಪಾಲಿಸುತ್ತಿದ್ದರು. ಮುಂದೆ ಎತ್ತಿನ ಗಾಡಿ ಬಂದರೂ ಅದರ ಹಿಂದೆ ಸಮಾಧಾನವಾಗಿ ಹೋಗುತ್ತಿದ್ದರು. ಟೈರಿಗೆ ವಾರವಾರ ಗಾಳಿ ನೋಡಿಸುತ್ತಿದ್ದರು. ಡಿಕ್ಕಿಯಲ್ಲಿ ವರ್ಷಗಳಿಂದ ಸವಾರಿ ಮಾಡುತ್ತಿದ್ದ ಸಿಮೆಂಟ್ ಚೀಲವನ್ನೂ ಇಳಿಸಿದ್ದರು.

ನಮ್ಮ ತಾತನ ಕಾಲದಲ್ಲಿ ನಾಟಿ ವೈದ್ಯರೊಬ್ಬರು ಹೊಟ್ಟೆನೋವಿಗೆ ಒಂದು ಬೂದು ಬಣ್ಣದ ಪುಡಿ ಕೊಡುತ್ತಿದ್ದರಂತೆ. ಜೊತೆಗೆ ಪಥ್ಯ: ಕರಿದದ್ದು ಬೇಡ, ಬದನೆಕಾಯಿ ಬೇಡ, ಹೊತ್ತು ಮೀರಿ ಉಣ್ಣಬೇಡ, ಹೊಗೆಸೊಪ್ಪು ಮುಟ್ಟಬೇಡ, ಬೇಗ ಮಲಗು. ನೋವು ವಾಸಿಯಾಗುತ್ತಿತ್ತು. ಪುಡಿಗೆ ಕೀರ್ತಿ ಬರುತ್ತಿತ್ತು. ಪುಡಿ ಇಲ್ಲದೆ ಬರೀ ಪಥ್ಯ ಹೇಳಿದ್ದರೆ ಅವರ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಸಂಶಯ ಪಡುವವರ ಕಷ್ಟ ಇಲ್ಲೇ ಇರುವುದು. ನಮ್ಮ ಬಳಿ ಇರುವುದು ಬರೀ ಪಥ್ಯ. ನಿಧಾನ ಹೋಗಿ, ಟೈರಿಗೆ ಗಾಳಿ ನೋಡಿಸಿ ಎಂದು ಕೂಗುವವನು ಎಕ್ಸಿಬಿಷನ್ನಿನಲ್ಲಿ ಅಂಗಡಿ ಇಟ್ಟರೆ ಅವನ ಮುಂದೆ ಯಾರು ನಿಲ್ಲುತ್ತಾರೆ?

ಈ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಅಕ್ಕ ಕಾರು ಹತ್ತಿದ್ದಳು. ಮೊದಲು ಮನೆಯ ಹತ್ತಿರದ ದೇವಸ್ಥಾನಕ್ಕೆ, ಆಮೇಲೆ ಮಾರ್ಕೆಟ್ಟಿಗೆ, ಆಮೇಲೆ ನಂಜನಗೂಡಿಗೆ. ಒಂದು ಭಾನುವಾರ ಇಬ್ಬರೂ ಒಟ್ಟಿಗೆ ನಮ್ಮ ಮನೆ ಮುಂದೆ ಇಳಿದಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. ಅಕ್ಕ ಮುಂದಿನ ಸೀಟಿನಿಂದ, ಹೊಸ ಮದುವಣಗಿತ್ತಿಯಂತೆ ಸ್ವಲ್ಪ ನಾಚಿಕೊಂಡೇ ಇಳಿದಳು.

ಹೀಗೆ ಒಂದು ವರ್ಷ ಕಳೆದು ಮತ್ತೆ ಆಯುಧಪೂಜೆ ಬಂತು. ಆವತ್ತು ನಮ್ಮ ಊರಿನಲ್ಲಿ ಕತ್ತರಿಯಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಕುಂಕುಮ. ಭಾವ ಬೆಳಿಗ್ಗೆಯೇ ಕಾರನ್ನು ಒಳಗೂ ಹೊರಗೂ ತೊಳೆದರು. ತೊಳೆಯುವ ಮುಂಚೆ, ನೀರು ತಾಗಿ ಕೆಟ್ಟೀತೆಂದು ಹೈಡ್ರೋಜನ್ ಪೆಟ್ಟಿಗೆಯ ವೈರನ್ನು ಬ್ಯಾಟರಿಯಿಂದ ಬಿಚ್ಚಿ, ಅದರ ತುದಿಗೆ ಒಂದು ಪ್ಲಾಸ್ಟಿಕ್ ಕವರು ಸುತ್ತಿಟ್ಟರು. ತೊಳೆದು ಒರೆಸುವಷ್ಟರಲ್ಲಿ ಅಕ್ಕ ರಾಹುಕಾಲ ಬರುತ್ತದೆಂದು ಅವಸರ ಮಾಡಿದಳು. ಬಾನೆಟ್ಟು ತೆರೆದಿದ್ದಂತೆಯೇ ಪೂಜೆ ನಡೆಯಿತು. ಎಂಜಿನ್ನಿಗೆ ಅರಿಶಿನ ಕುಂಕುಮ, ಬ್ಯಾಟರಿಗೆ ಅರಿಶಿನ ಕುಂಕುಮ, ಪೆಟ್ಟಿಗೆಗೆ ಅರಿಶಿನ ಕುಂಕುಮ ಮತ್ತು ಒಂದು ಮೊಳ ಸೇವಂತಿಗೆ. ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟು ಮುಚ್ಚಿ, ನಿಂಬೆಹಣ್ಣಿನ ಮೇಲೆ ಕಾರು ಹರಿಸಿದರು. ಎಲ್ಲವೂ ಶಾಸ್ತ್ರೋಕ್ತವಾಗಿ ಆಯಿತು.

ಆವತ್ತು ಒಂದು ಕೆಲಸ ಮರೆತುಹೋಗಿತ್ತೆಂದು ನನಗೆ ತಿಳಿದದ್ದು ಕಾರ್ತಿಕ ಮಾಸದ ಒಂದು ಸೋಮವಾರ. ಭಾವ, ಅಕ್ಕ, ನಾನು ಮೂವರೂ ನಂಜನಗೂಡಿಗೆ ಹೊರಟಿದ್ದೆವು. ಭಾವ ಬಾಳೆಹಣ್ಣು ಕೊಳ್ಳಲು ಇಳಿದವರು, ಗಾಜಿಗೆ ಚಿಮ್ಮುವ ನೀರು ಖಾಲಿಯಾಗಿದೆ, ಸ್ವಲ್ಪ ಹಾಕಿರು ಎಂದು ನನಗೆ ಹೇಳಿ ಹೋದರು. ಬಾನೆಟ್ಟು ಎತ್ತಿದೆ. ಒಣಗಿದ ಸೇವಂತಿಗೆ ಇನ್ನೂ ಪೆಟ್ಟಿಗೆಯ ಮೇಲಿತ್ತು. ಪೂಜೆಯ ಹೂವನ್ನು ತೆಗೆದು ಬಿಸಾಡಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಕವರು ಸುತ್ತಿದ ವೈರಿನ ತುದಿ ಎಲ್ಲಿಗೂ ಸೇರದೆ ಮಲಗಿತ್ತು. ಕವರಿನ ಮೇಲೆ ದುಂಡಗೆ ಒಂದು ಕುಂಕುಮದ ಬೊಟ್ಟು. ಬಿಚ್ಚಿಟ್ಟ ವೈರಿಗೂ ಅಕ್ಕ ಪೂಜೆ ಮಾಡಿದ್ದಳು.

ಅಂದರೆ ಆಯುಧಪೂಜೆಯ ಈಚೆಗೆ ಆ ಕಾರು ಒಂದು ಗುಳ್ಳೆ ಹೈಡ್ರೋಜನ್ನನ್ನೂ ಕುಡಿದಿರಲಿಲ್ಲ. ಅದೇ ಅವಧಿಯಲ್ಲಿ ಭಾವ ನನಗೆ ಫೋನ್ ಮಾಡಿ, "ಪೂಜೆ ಮಾಡ್ದಾಗಿಂದ ಇನ್ನೂ ಚೆನ್ನಾಗ್ ಕೊಡ್ತಾ ಅದೆ ಕಣಯ್ಯ" ಎಂದಿದ್ದರು. ನನ್ನ ಮನಸ್ಸಿಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಜಗತ್ತಿನ ನಿಯಮ ಮತ್ತೆ ಎದ್ದು ಕೂತಿತ್ತು. ಅಕ್ಕನನ್ನು ಕರೆದು ತೋರಿಸಿದೆ. ಅವಳು ವೈರನ್ನು ನೋಡಿದಳು, ದೂರದಲ್ಲಿ ಹಣ್ಣಿನ ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಗಂಡನನ್ನು ನೋಡಿದಳು.

"ಹೇಳ್ಬೇಡ ಕಣೋ" ಎಂದಳು. "ಅದು ಇದೆ ಅನ್ಕೊಂಡು ತಾನೇ ಅವ್ರು ನಿಧಾನ್ಕೆ ಓಡಿಸ್ತಿರೋದು. ಇಲ್ಲ ಅಂತ ಗೊತ್ತಾದ್ರೆ ನಂಗೆ ಮತ್ತೆ ಬಸ್ಸೇ ಗತಿ. ಸೊಂಟ ನೋವು ಬೇರೆ."

ನಾನು ಬಾನೆಟ್ಟು ಮುಚ್ಚಿದೆ. ಜೀವಮಾನವೆಲ್ಲ ಒಂದು ಸತ್ಯವನ್ನು ಕಪ್ಪು ಹಲಗೆಯ ಮೇಲೆ ಬರೆದವನು, ಅದರ ಇಷ್ಟು ಚೆಂದದ ಪುರಾವೆಯನ್ನು ಕೈಯಾರೆ ಮುಚ್ಚಿದೆ. ಅಕ್ಕನ ಸೊಂಟಕ್ಕಿಂತ ದೊಡ್ಡ ನಿಯಮ ಯಾವುದೂ ಆ ಕ್ಷಣಕ್ಕೆ ತೋಚಲಿಲ್ಲ.

ಇದು ಇಲ್ಲಿಗೇ ಮುಗಿದಿದ್ದರೆ ನನ್ನ ಮೌನವೂ ಒಂದು ಪುಣ್ಯ ಎಂದುಕೊಂಡು ಹಾಯಾಗಿರುತ್ತಿದ್ದೆ. ಆದರೆ ಮಾದೇವ ಎಂಬವನ ಫೋನ್ ಬಂತು. ಮಾದೇವ ನನ್ನ ಹಳೆಯ ವಿದ್ಯಾರ್ಥಿ. ಅಗ್ರಹಾರದಲ್ಲಿ ಮನೆ; ಶಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ವ್ಯಾನ್ ಇಟ್ಟುಕೊಂಡಿದ್ದಾನೆ. ಭಾವ ಅವನಿಗೆ ಪೆಟ್ಟಿಗೆಯ ಮಹಿಮೆಯನ್ನು ಹೇಳಿದ್ದರು. "ಸಾರ್, ನಿಮ್ ಭಾವೋರು ಹಾಕ್ಸು ಅಂತವ್ರೆ. ನೀವೊಂದ್ ಮಾತು ಹೂಂ ಅನ್ಬುಡಿ, ನಾಳೆನೇ ಹಾಕಿಸ್ಬುಡ್ತೀನಿ" ಎಂದ.

ತರಗತಿಯಲ್ಲಿ ನಾನು ಹೇಳಿದ್ದನ್ನು ಅವನು ಎಷ್ಟು ನೆನಪಿಟ್ಟಿದ್ದನೋ ಕಾಣೆ. ಆದರೆ ನಾನು ಹೇಳಿದರೆ ಅದು ನಿಜವಿರುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟಿದ್ದ. ಮಕ್ಕಳು ಒತ್ತೊತ್ತಾಗಿ ಕೂರುವ ವ್ಯಾನು. ಅದರ ಎಂಜಿನ್ನಿನ ಪಕ್ಕ ಟಪ್ಪೆಂದು ಸಿಡಿಯುವ ಗ್ಯಾಸು ಮಾಡುವ, ಯಾರೋ ಎಲ್ಲೋ ಕೂರಿಸಿದ ಪೆಟ್ಟಿಗೆ. ಇಲ್ಲಿ ಅಕ್ಕನ ಮಾತು ನಡೆಸುವಂತಿರಲಿಲ್ಲ.

"ಬೇಡ ಮಾದೇವ" ಎಂದೆ. "ಅದ್ರಿಂದ ಏನೂ ಉಳಿಯಲ್ಲ. ನಮ್ ಭಾವ ನಿಧಾನವಾಗಿ ಓಡಿಸ್ತಾರೆ, ಅದಕ್ಕೆ ಉಳೀತಿದೆ. ನೀನೂ ಹಾಗೇ ಓಡ್ಸು."

ಮೈಸೂರು ದೊಡ್ಡ ಊರೇನಲ್ಲ. ಮಾತು ಅಗ್ರಹಾರದಿಂದ ಹೂಟಗಳ್ಳಿಗೆ ನನ್ನ ಸ್ಕೂಟರಿಗಿಂತ ಬೇಗ ತಲುಪಿತು. ಆವತ್ತು ಸಂಜೆಯೇ ಭಾವ ಒಬ್ಬರೇ ಬಂದರು. ಜಗಲಿಯ ಮೇಲೆ ಕೂತರು, ಕಾಫಿ ಮುಟ್ಟಲಿಲ್ಲ.

"ಅಲ್ಲ ಮೇಷ್ಟ್ರೇ, ನಂಗೆ ಹೇಳಿದ್ರಿ, ನಾನು ಕೇಳಲಿಲ್ಲ, ಸರಿ. ಊರೋರ ಮುಂದೆ ನನ್ನ ಮಾತು ಯಾಕ್ ಕಳೆದ್ರಿ?" ಎಂದರು. ಭಾವ ನನಗೆ ಬಹುವಚನ ಹಾಕಿದರೆಂದರೆ ನೋವಾಗಿದೆ ಎಂದೇ ಅರ್ಥ.

ಬಾಯಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಬೀದಿಗೆ ಕರೆದುಕೊಂಡು ಹೋಗಿ ಬಾನೆಟ್ಟು ತೆಗೆಸಿ ವೈರನ್ನು ತೋರಿಸಿದೆ. ಅವರು ಅದನ್ನು ಕೈಗೆತ್ತಿಕೊಂಡು, ಕುಂಕುಮದ ಬೊಟ್ಟನ್ನು ಹೆಬ್ಬೆರಳಿನಿಂದ ಸವರಿದರು.

"ಹಬ್ಬದಿಂದಲೂ ಹಿಂಗೇ ಇತ್ತಾ?"

"ಹೂಂ, ಭಾವ."

"ನಿಮ್ಮಕ್ಕಂಗೆ ಗೊತ್ತಾ?"

ಸುಳ್ಳು ಹೇಳಬಹುದಿತ್ತು. "ಗೊತ್ತು" ಎಂದೆ. ಅವರು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ಕಾರು ಹತ್ತಿ ಹೊರಟುಹೋದರು. ಗಾಡಿ ಬೀದಿಯ ತಿರುವಿನಲ್ಲಿ ನಿಧಾನ ಮಾಡಲಿಲ್ಲ. ನಾನು ಗೆದ್ದಿದ್ದೆ. ಆದರೆ ಗೆದ್ದವನಿಗೆ ಒಳಗೆ ಹೋಗಿ ಹೆಂಡತಿಯ ಮುಖ ನೋಡಲು ಕಷ್ಟವಾಯಿತು.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್ ಬಂತು. "ಹೇಳ್ಬುಟ್ಯಾ?" ಎಂದಳು. ಹೇಳಿಬಿಟ್ಟೆ ಎಂದೆ, ಮಾದೇವನ ವ್ಯಾನಿನ ವಿಷಯವನ್ನೂ ಹೇಳಿದೆ. "ಮಕ್ಕಳ ಗಾಡಿ ಅಂದ್ಮೇಲೆ ಇನ್ನೇನ್ ಮಾಡ್ತೀಯ, ಸರಿ ಬುಡು. ಆಧಾರ್ ಕಾರ್ಡ್ ಪರ್ಸಿಗೆ ಹಾಕ್ಕೋತೀನಿ. ಬಸ್ಸಲ್ಲಿ ಹೆಂಗಸ್ರಿಗೆ ಟಿಕೆಟ್ಟೂ ಇಲ್ವಲ್ಲ ಈಗ" ಎಂದಳು. ಅವಳು ನಗುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ನನಗಂತೂ ಬಹಳ ಬೇಜಾರಾಯಿತು.

ಅದಾದ ಮೇಲೆ ಕೆಲವು ವಾರ ಹೂಟಗಳ್ಳಿಯ ಕಡೆ ನಾನು ತಲೆ ಹಾಕಲಿಲ್ಲ. ಸಂಶಯ ಪಡುವುದೂ ಒಂದು ಚಟವೇ ಎಂದು ಆ ದಿನಗಳಲ್ಲಿ ಅನ್ನಿಸಿತು. ಒಂದು ವಸ್ತು ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಕೇಳುವುದು ಸುಲಭ. ಅದು ಇದ್ದ ಮನೆಯಲ್ಲಿ ಇನ್ನೇನು ನಡೆಯುತ್ತಿದೆ ಎಂದು ಕೇಳುವ ಅಭ್ಯಾಸ ನಮ್ಮಂಥವರಿಗೆ ಇರುವುದಿಲ್ಲ. ಹಾಗೆಂದು ಮಾದೇವನಿಗೆ ಹೂಂ ಎನ್ನಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಅಕ್ಕ ಹೇಳಿದ್ದೂ ನಾನು ಮಾದೇವನಿಗೆ ಹೇಳಿದ್ದೂ ಎರಡೂ ಸರಿಯಾಗಿರುವಾಗ ಮನುಷ್ಯ ಸ್ಕೂಟರನ್ನು ಎಷ್ಟು ವಾಲಿಸಿದರೂ ಪ್ರಯೋಜನವಿಲ್ಲ.

ಆಮೇಲೆ ಬನ್ನೂರಿನಲ್ಲಿ ನೆಂಟರ ಮಗುವಿಗೆ ನಾಮಕರಣ ಬಂತು. ನಾನು ಬಸ್ಸಿಗೆಂದು ಹೊರಡುವಷ್ಟರಲ್ಲಿ ಭಾವನ ಕಾರು ಮನೆ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ಅಕ್ಕ. "ಹತ್ತಯ್ಯ" ಎಂದರು ಭಾವ, ಏಕವಚನದಲ್ಲೇ. ನಾನು ಹಿಂದೆ ಕೂತು, ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಲು ಸಿದ್ಧನಾದೆ. ಮುಚ್ಚಬೇಕಾಗಿ ಬರಲಿಲ್ಲ. ಬನ್ನೂರು ರಸ್ತೆಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿ ಹೋಯಿತು. ಭಾವ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕ ಯಾವುದೋ ಹಳೆಯ ಜಗಳದ ಕಥೆ ಹೇಳುತ್ತಿದ್ದಳು.

ವಾಪಸು ಬರುವಾಗ ಅಕ್ಕ ರಸ್ತೆ ಬದಿ ಅವರೆಕಾಯಿ ಕೊಳ್ಳಲು ಇಳಿದಳು. ಆಗ ತಡೆಯಲಾರದೆ ಕೇಳಿಯೇಬಿಟ್ಟೆ. "ಭಾವ, ಪೆಟ್ಟಿಗೆ?"

"ತೆಗೆಸ್ಬುಟ್ಟೆ. ನೀ ತೋರ್ಸಿದ ಮಾರನೇ ದಿನವೇ."

"ಮತ್ತೆ ಇನ್ನೂ ಇಷ್ಟು ನಿಧಾನ?"

ಭಾವ ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ. ಅವರೆಕಾಯಿ ಸೊಗಡಿದೆಯೇ ಎಂದು ಮೂಸಿ ನೋಡುತ್ತಿದ್ದ ಅಕ್ಕನನ್ನೇ ನೋಡುತ್ತಾ ಹೇಳಿದರು. "ಆವತ್ತು ನಿನ್ನ ಮೇಲಿನ ಸಿಟ್ಟಿಗೆ ಜೋರಾಗ್ ಓಡಿಸ್ಕೊಂಡ್ ಹೋದೆ. ಮಾರನೇ ದಿನ ಇವಳನ್ನ ಕೂರಿಸ್ಕೊಂಡೂ ಅಂಗೇ ಓಡಿಸ್ದೆ. ಬ್ಯಾಡ ಅನ್ನಲಿಲ್ಲ, ಬೈಯಲಿಲ್ಲ. ಸೀಟು ಗಟ್ಟಿಯಾಗ್ ಹಿಡ್ಕೊಂಡು ಸುಮ್ನೆ ಕೂತ್ಬುಟ್ಲು. ಜೋರಾಗ್ ಹೋದ್ರೆ ನಿಮ್ಮಕ್ಕ ಮಾತಾಡಲ್ಲ ಕಣಯ್ಯ. ಮದ್ವೆ ಆದಾಗಿಂದ ಕೇಳದೇ ಇದ್ದಿದ್ದನ್ನೆಲ್ಲ ಈ ಒಂದ್ ವರ್ಷದಾಗೆ ಕೇಳಿವ್ನಿ."

ಅಕ್ಕ ಚೀಲ ಹಿಡಿದುಕೊಂಡು ಬಂದು ಕೂತಳು. ಕಾರು ಹೊರಟಿತು, ನಿಂತಿದ್ದ ಕಥೆಯೂ ಹೊರಟಿತು. ಅವಳ ಅತ್ತೆಯ ಮನೆಯಲ್ಲಿ, ಅವಳು ಮದುವೆಯಾಗಿ ಬಂದ ಹೊಸತರಲ್ಲಿ, ಕಳುವಾಗಿ ಮತ್ತೆ ಸಿಕ್ಕಿದ ಒಂದು ಮೂಗುಬೊಟ್ಟಿನ ಕಥೆ. ಚಾಮರಾಜಪುರಂ ಬಂದರೂ ಮೂಗುಬೊಟ್ಟು ಇನ್ನೂ ಸಿಕ್ಕಿರಲಿಲ್ಲ. ಭಾವ ನಮ್ಮ ಮನೆ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದರು. ನಾನು ಇಳಿಯಲೆಂದು ಬಾಗಿಲ ಹಿಡಿಗೆ ಕೈ ಹಾಕಿದವನು ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡೆ. ಜೀವಮಾನವೆಲ್ಲ ಎಲ್ಲರಿಗಿಂತ ಮುಂದೆ ಹೋಗಲು ಅವಸರಪಟ್ಟ ಆ ಮನುಷ್ಯ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, ಹೆಂಡತಿಯ ಕಡೆ ಪೂರ್ತಿ ತಿರುಗಿ ಕೂತರು.

"ಆಮೇಲೆ?" ಎಂದರು.